ದೀಪ ಹಚ್ಚುವ ಹೊತ್ತಿನ ನಿದ್ದೆ

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನನ್ನ ಮುಂದೆ ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ರೇಗುತ್ತದೆ. ಗಾದೆ ಸುಳ್ಳಲ್ಲ. ಆದರೆ ನಿದ್ದೆಗೆಟ್ಟು ಆಸ್ಪತ್ರೆಗೆ ಬಂದವರಿಗೆ ಜೊತೆಯಲ್ಲಿ ಬಂದವರು ಅದನ್ನೇ ಹೇಳಿ ಹೇಳಿ ಅದೊಂದು ಬೈಗುಳವಾಗಿಬಿಟ್ಟಿತ್ತು. "ನಿಂಗೇನಮ್ಮ ಚಿಂತೆ? ಮನೆ ಇದೆ, ಮಕ್ಕಳಿದಾರೆ, ಸುಮ್ನೆ ಮಲ್ಕೊಳಕ್ಕೇನು ಕಷ್ಟ?" ಎಂದು ಗಂಡ ಕೇಳುವುದು, ಹೆಂಡತಿ ನೆಲ ನೋಡುವುದು. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಕೂತು ಇದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ರೋಗಿಯನ್ನು ಡಾಕ್ಟರ ಬಳಿಗೆ ಕಳಿಸುವ ಮುಂಚೆ ಅವರ ನಿದ್ದೆಯ ವಿಚಾರವನ್ನೆಲ್ಲ ಕೇಳಿ ತಿಳಿದುಕೊಳ್ಳುವುದು ನನ್ನ ಕೆಲಸವಾಗಿತ್ತು. ನಾನು ನಿವೃತ್ತಳಾದ ಮೇಲೆ ಆ ಕುರ್ಚಿಗೆ ಬಂದ ಹುಡುಗಿ ಒಂದು ದಿನ ಮನೆಗೆ ಬಂದು, "ಮೇಡಂ, ಅಲ್ಲಿ ಏನೇನು ಕೇಳ್ಬೇಕು ಅಂತ ಹೇಳ್ಕೊಡಿ" ಅಂದಳು. ಹೇಳಿಕೊಟ್ಟೆ. ಅವಳು ಹೋದ ಮೇಲೆ ನೋಡಿದರೆ, ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಅದಕ್ಕೇ ಬರೆಯಲು ಕೂತೆ.

ಮೊದಲನೆಯದಾಗಿ, "ನಿದ್ದೆ ಬರಲ್ಲ" ಎನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಹೊಟ್ಟೆನೋವು ಎಂದರೆ ಎಲ್ಲಿ, ಯಾವಾಗ, ಏನು ತಿಂದಿರಿ ಎಂದು ಕೇಳುವುದಿಲ್ಲವೇ, ಹಾಗೆಯೇ ಇದನ್ನೂ ಬಿಡಿಸಿ ಕೇಳಬೇಕು. ಮಲಗಿದ ಮೇಲೆ ನಿದ್ದೆ ಹತ್ತುವುದೇ ಇಲ್ಲ ಎನ್ನುವವರು ಒಂದು ಥರ. ಇವರಲ್ಲಿ ಅರ್ಧ ಜನ ಸಂಜೆ ಮೇಲೆ ಕುಡಿದ ಕಾಫಿಯನ್ನು ಕಾಫಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಕುಡಿಯಲ್ಲ ಸಿಸ್ಟರ್, ಊಟ ಆದ್ಮೇಲೆ ಒಂದು ಗುಟುಕು ಅಷ್ಟೇ" ಅನ್ನುತ್ತಾರೆ. ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಮಲಗುವವರೂ ಇದರಲ್ಲೇ ಬರುತ್ತಾರೆ. ನಿದ್ದೆ ಹತ್ತಿ ನಡುವೆ ಎಚ್ಚರವಾಗುವವರು ಇನ್ನೊಂದು ಥರ. ಅವರನ್ನು ಸಕ್ಕರೆ ಕಾಯಿಲೆ, ಮಂಡಿನೋವು, ಗೊರಕೆ, ಕುಡಿತ ಎಲ್ಲವನ್ನೂ ಕೇಳಿ. ಕುಡಿತದ ವಿಷಯವನ್ನು ಹೆಂಡತಿಯ ಎದುರಿಗೆ ಕೇಳಬೇಡಿ, ನಿಜ ಹೊರಬರುವುದಿಲ್ಲ.

ಮೂರನೆಯವರು ಹಾಲಿನವನು ಬರುವುದಕ್ಕೂ ಎಷ್ಟೋ ಮುಂಚೆ ಎಚ್ಚರವಾಗಿ, ಮತ್ತೆ ಮಲಗಲಾರದೆ ಸೂರು ನೋಡುವವರು. ಇವರು ಗಲಾಟೆ ಮಾಡುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ, ಬೇರೆಯವರನ್ನು ಮುಂದೆ ಬಿಟ್ಟು ತಾವು ಕ್ಯೂನಲ್ಲಿ ಹಿಂದೆ ನಿಲ್ಲುತ್ತಾರೆ. ಅವರ ಬಗ್ಗೆ ಹುಷಾರಾಗಿರಿ. ಬದುಕು ಸಾಕು ಅನ್ನಿಸಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹೆದರುವವರಿದ್ದಾರೆ, ಅದು ತಪ್ಪು. ಕೇಳುವವರಿಲ್ಲದ್ದಕ್ಕೇ ಆ ಯೋಚನೆ ಅಷ್ಟು ಬೆಳೆದಿರುತ್ತದೆ. ಕೇಳಿದ ಕೂಡಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತವರನ್ನು ನಾನು ನೋಡಿದ್ದೇನೆ. ಅವರಿಗೆ ಬೇಕಾದದ್ದು ನಿದ್ದೆಗುಳಿಗೆಯಲ್ಲ, ಖಿನ್ನತೆಯ ಚಿಕಿತ್ಸೆ.

ನಾಲ್ಕನೆಯ ಥರ ಒಂದಿದೆ. ಅವರಿಗೆ ನಿದ್ದೆ ಬರುತ್ತದೆ, ಮಲಗಲು ಬಿಡುವವರಿಲ್ಲ. ನಾನು ಇಷ್ಟೆಲ್ಲ ಬರೆಯಲು ಹೊರಟದ್ದೇ ಅದಕ್ಕಾಗಿ. ಆದರೆ ಅದಕ್ಕೂ ಮುಂಚೆ ನಮ್ಮ ಡಾಕ್ಟರುಗಳ ವಿಷಯ ಹೇಳಬೇಕು.

ನಾನು ಸೇರಿದಾಗ ಇದ್ದ ದೊಡ್ಡ ಡಾಕ್ಟರು ಒಳ್ಳೆಯವರು, ಆದರೆ ಕ್ಯೂ ಕಂಡರೆ ಅವರಿಗೆ ತಲೆಕೆಡುತ್ತಿತ್ತು. ನಾನು ಒಬ್ಬರನ್ನು ಸ್ವಲ್ಪ ಹೊತ್ತು ಮಾತಾಡಿಸಿದರೆ ಸಾಕು, "ಸಿಸ್ಟರ್, ಅಲ್ಲೇನು ಹರಿಕಥೆ ನಡೀತಿದೆಯಾ?" ಎಂದು ಒಳಗಿನಿಂದ ಕೂಗುತ್ತಿದ್ದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎಂಬಂತೆ ಎಲ್ಲರಿಗೂ ನಿದ್ದೆಗುಳಿಗೆ. ಗುಳಿಗೆ ಕೆಟ್ಟದ್ದೇನಲ್ಲ. ಸಾವಿನ ಮನೆಯವರಿಗೆ, ಆಪರೇಷನ್ ಆದವರಿಗೆ ಕೆಲವು ದಿನದ ಮಟ್ಟಿಗೆ ಅದು ದೊಡ್ಡ ಉಪಕಾರ. ಆದರೆ ಜನ ಅದನ್ನು ನಿಲ್ಲಿಸುವುದಿಲ್ಲ, ಹಳೆಯ ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ನುಂಗುತ್ತಾರೆ.

ದಟ್ಟಗಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದ ಒಬ್ಬರು ಹೀಗೆಯೇ ಗುಳಿಗೆಗೆ ಒಗ್ಗಿಹೋಗಿದ್ದರು. ಗುಳಿಗೆಯ ಬಲ ಕಡಿಮೆಯಾಗಿ ನಿದ್ದೆ ಕೆಟ್ಟಾಗ ವಾಸ್ತುವಿನವನನ್ನು ಕರೆಸಿದರು. ಅವನು ಮಂಚದ ದಿಕ್ಕು ಸರಿಯಿಲ್ಲ ಅಂದ. ದಕ್ಷಿಣಕ್ಕೆ ತಿರುಗಿಸಿದರು, ಪೂರ್ವಕ್ಕೆ ತಿರುಗಿಸಿದರು, ಕೊನೆಗೆ ಮಂಚವನ್ನೇ ಬದಲಾಯಿಸಿದರು. ಆಮೇಲೆ ಯಾರೋ ನೆಂಟರು "ಅದೊಂದು ಚಟ, ಬಿಟ್ಹಾಕಿ" ಅಂದದ್ದಕ್ಕೆ ಒಂದೇ ಸಲಕ್ಕೆ ಗುಳಿಗೆ ನಿಲ್ಲಿಸಿಬಿಟ್ಟರು. ನಮ್ಮ ಹತ್ತಿರ ಬಂದಾಗ ಮೈಯೆಲ್ಲ ಬೆವರು, ಕೈ ನಡುಕ, ನೀರಿನ ಲೋಟ ಹಿಡಿಯಲಾಗುತ್ತಿರಲಿಲ್ಲ. ಅವರ ಹೆಂಡತಿ, "ಹುಚ್ಚು ಹಿಡೀತಾ ಸಿಸ್ಟರ್ ಇವ್ರಿಗೆ?" ಎಂದು ಕೇಳಿದರು. ಹುಚ್ಚಲ್ಲ, ವರ್ಷಗಟ್ಟಲೆ ನುಂಗಿದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಹತ್ತಿದ ಮೆಟ್ಟಿಲಲ್ಲೇ ಒಂದೊಂದಾಗಿ ಇಳಿಯಬೇಕು. ಅವತ್ತು ದೊಡ್ಡ ಡಾಕ್ಟರು ಕ್ಯೂ ಮರೆತು ಆ ಮನುಷ್ಯನ ಪಕ್ಕದಲ್ಲಿ ಕೂತು, ಅರ್ಧ, ಕಾಲು ಎಂದು ಗುಳಿಗೆ ಇಳಿಸುವ ಕ್ರಮವನ್ನು ತಾವೇ ಬಿಡಿಸಿ ಹೇಳಿದರು. ಆಮೇಲೆ ಹರಿಕಥೆ ಎಂದು ನನ್ನನ್ನು ರೇಗಿಸುವುದೂ ಕಡಿಮೆಯಾಯಿತು.

ಅವರಾದ ಮೇಲೆ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಬಂದರು. ಚುರುಕು, ಬೇಗ ಸಿಟ್ಟು, ಅಷ್ಟೇ ಬೇಗ ನಗು. ಗುಳಿಗೆ ಕೊನೆಗೆ, ಅಭ್ಯಾಸ ಮೊದಲು ಎನ್ನುವುದು ಅವರ ಪದ್ಧತಿ. ಹಾಸಿಗೆ ಇರುವುದು ನಿದ್ದೆಗೆ ಮಾತ್ರ, ಅಲ್ಲಿ ಟಿವಿ ಇಲ್ಲ, ಲೆಕ್ಕಾಚಾರ ಇಲ್ಲ, ಜಗಳ ಇಲ್ಲ. ಮಲಗುವುದು ತಡವಾದರೂ ಏಳುವ ಹೊತ್ತು ಬದಲಾಗಬಾರದು. ಸಂಜೆಯ ಹೊತ್ತು ತೂಕಡಿಸಬಾರದು, ಆ ನಿದ್ದೆಯನ್ನು ರಾತ್ರಿಗೆ ಉಳಿಸಿಕೊಳ್ಳಬೇಕು. ಮಲಗಿ ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಬೇರೆ ಕೋಣೆಗೆ ಹೋಗಿ ಕೂತು, ಕಣ್ಣು ಎಳೆದಾಗ ಮಾತ್ರ ವಾಪಸ್ ಬರಬೇಕು. ಈ ಪದ್ಧತಿಯಿಂದ ಗುಳಿಗೆಯ ಹಂಗಿಲ್ಲದೆ ನಿದ್ದೆ ಮರಳಿ ಪಡೆದವರು ಬಹಳ ಜನ. ಮೊದಮೊದಲು ನನಗೆ ನಂಬಿಕೆ ಇರಲಿಲ್ಲ, ಕಣ್ಣಾರೆ ನೋಡಿ ನಂಬಿದೆ.

ಆದರೆ ಪದ್ಧತಿ ಬರೆದವರ ಮನೆಯಲ್ಲಿ ಬೇರೆ ಕೋಣೆ ಇತ್ತು. ಉದಯಗಿರಿಯ ಸಲೀಂ ಎಂಬ ಮೆಕ್ಯಾನಿಕ್ ಈ ಮಾತನ್ನೆಲ್ಲ ಕೇಳಿಕೊಂಡು ಹೋಗಿ ಮುಂದಿನ ವಾರ ಬಂದ. "ಏನಪ್ಪಾ, ಎದ್ದು ಬೇರೆ ಕೋಣೆಗೆ ಹೋದ್ಯಾ?" ಎಂದು ಕೇಳಿದೆ.

"ಹೋದೆ ಮೇಡಂ. ನಮ್ದು ಬೇರೆ ಕೋಣೆ ಅಂದ್ರೆ ರೋಡು. ರೋಡಲ್ಲಿ ಕೂತಿದ್ರೆ ಬೀಟ್ ಪೊಲೀಸ್ ಬಂದು ಎದ್ದೇಳು ಅಂದ. ಡಾಕ್ಟ್ರು ಕೂರು ಅಂದಿದಾರೆ ಸಾರ್ ಅಂದೆ. ಯಾವ ಡಾಕ್ಟ್ರು, ನಡಿ ಸ್ಟೇಷನ್‌ಗೆ ಅಂದ."

ಲೇಡಿ ಡಾಕ್ಟರು ನಕ್ಕರು, ಆಮೇಲೆ ನಗು ನಿಲ್ಲಿಸಿ ಅವನ ಹೆಂಡತಿಯನ್ನು ಕರೆದುಕೊಂಡು ಬಾ ಅಂದರು. ಅವನ ಕಾಯಿಲೆ ಏನು ಎಂದು ಗೊತ್ತಾದದ್ದು ಆ ಹೆಣ್ಣುಮಗಳಿಂದ. "ಗೊರಕೆ ಹೊಡೀತಾನೇ ಇರ್ತಾರೆ, ಇದ್ದಕ್ಕಿದ್ದಂಗೆ ಉಸಿರೇ ನಿಂತೋಗುತ್ತೆ. ನಾನು ಎದ್ದು ಕೂತು ಎದೆ ಮೇಲೆ ಕೈ ಇಡ್ತೀನಿ. ಆಮೇಲೆ ಗಕ್ ಅಂತ ಎಳ್ಕೋತಾರೆ" ಎಂದು ಹೇಳುತ್ತಾ ಆಕೆ ತನ್ನ ಉಸಿರನ್ನೇ ಹಿಡಿದು ತೋರಿಸಿದಳು. ಆ ಮನೆಯಲ್ಲಿ ನಿದ್ದೆ ಕೆಟ್ಟಿದ್ದದ್ದು ಇಬ್ಬರಿಗೆ, ಆಸ್ಪತ್ರೆಗೆ ಬಂದವನು ಒಬ್ಬ. ಉಸಿರು ಕಟ್ಟುವವರಿಗೆ ನಿದ್ದೆಗುಳಿಗೆ ಕೊಟ್ಟರೆ ಅಪಾಯ, ಇದನ್ನು ಮರೆಯಬೇಡಿ. ರಾತ್ರಿ ಮೂಗಿಗೆ ಕಟ್ಟಿಕೊಳ್ಳುವ ಗಾಳಿಯ ಯಂತ್ರ ಅವನ ಕೈಗೆಟುಕುವಂತಿರಲಿಲ್ಲ. ಅಂಗಾತ ಮಲಗದಿರಲಿ ಎಂದು ಹೆಂಡತಿ ಅವನ ಬನಿಯನ್ ಬೆನ್ನಿಗೆ ಮಕ್ಕಳ ಟೆನಿಸ್ ಚೆಂಡು ಹೊಲಿದಳು. ಮೈ ಇಳಿಸಿದ, ಸ್ವಲ್ಪ ಸುಧಾರಿಸಿದ. ಪೂರ್ತಿ ವಾಸಿಯಾಯಿತು ಎಂದು ಹೇಳಲಾರೆ. ನಮ್ಮ ಕೆಲಸದಲ್ಲಿ ಪೂರ್ತಿ ವಾಸಿ ಎನ್ನುವುದು ಅಪರೂಪ.

ಈಗ ಶೋಭಾಳ ವಿಷಯ.

ಶೋಭಾ ನಮ್ಮ ಸಿದ್ಧಾರ್ಥನಗರದವಳೇ, ನಮ್ಮ ಹಿಂದಿನ ಬೀದಿ. ಹೂಟಗಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಕೆಲಸ. ಹಗಲು ಮಗಳ ಜೊತೆ ಇರಬಹುದು ಎಂದು ತಾನೇ ಕೇಳಿ ರಾತ್ರಿ ಪಾಳಿ ಹಾಕಿಸಿಕೊಂಡಿದ್ದಳು. ಗಂಡ ಮಹೇಶ ಮಾರ್ಕೆಟ್ಟಿನ ಮಂಡಿಯಲ್ಲಿದ್ದ, ಬೆಳಕು ಹರಿಯುವ ಮುಂಚೆ ಹೋಗುತ್ತಿದ್ದ. ಅತ್ತೆ ಗುರುಮಲ್ಲಮ್ಮ, ನಂಜನಗೂಡು ಕಡೆಯವರು, ಎರಡು ಹೊತ್ತೂ ಲಿಂಗಪೂಜೆ ತಪ್ಪಿಸದ ಶಿವಭಕ್ತೆ. ಮಗಳು ಪೂರ್ವಿ ಆಗಿನ್ನೂ ಒಂದನೇ ಕ್ಲಾಸು.

ಶೋಭಾ ನಮ್ಮ ವಿಭಾಗಕ್ಕೆ ಬಂದಾಗ ನನ್ನನ್ನು ನೋಡಿ ನಾಚಿಕೊಂಡಳು. "ಅಕ್ಕಾ, ನೀವಾ?" ಅಂದಳು. ಎಲ್ಲಿಂದಲೋ ತಂದ ನಿದ್ದೆಗುಳಿಗೆಯ ಪಟ್ಟಿ ಬ್ಯಾಗಿನಲ್ಲಿತ್ತು. "ಇದು ತಗೊಂಡ್ರೂ ನಿದ್ದೆ ಸಾಲಲ್ಲ. ತಗೊಂಡ್ರೆ ಕೆಲಸದಲ್ಲಿ ತೂಕಡಿಸ್ತೀನಿ, ತಗೊಳ್ದಿದ್ರೆ ಬೆಳಿಗ್ಗೆ ಗಾಡೀಲಿ ತೂಕಡಿಸ್ತೀನಿ." ಗಾಡಿ ಎಂದರೆ ಸ್ಕೂಟರು.

"ಗಾಡೀಲಿ ತೂಕಡಿಸ್ತೀನಿ ಅಂದ್ರೆ?"

"ರಿಂಗ್ ರೋಡಲ್ಲಿ ಬರ್ತಾ ಇರ್ತೀನಲ್ಲ ಅಕ್ಕಾ, ಕಣ್ಣು ಬಿಟ್ರೆ ಡಿವೈಡರ್ ಪಕ್ಕದಲ್ಲೇ ಇರುತ್ತೆ. ಹೆಂಗ್ ಅಲ್ಲಿಗೆ ಬಂದೆ ಅಂತಾನೇ ಗೊತ್ತಿರಲ್ಲ. ಒಂದ್ ಸಲ ಅಲ್ಲ, ಸುಮಾರು ಸಲ ಆಗಿದೆ."

ಫ್ಯಾಕ್ಟರಿ ಬಸ್ಸಿನಲ್ಲಿ ಬಾರೇ ಅಂದೆ. ಬಸ್ಸು ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಪೂರ್ವಿಯ ಸ್ಕೂಲ್ ವ್ಯಾನ್ ಬಂದು ಹೋಗಿರುತ್ತದೆ, ಮಗುವಿಗೆ ಸ್ನಾನ ಮಾಡಿಸಿ ಜಡೆ ಹಾಕಿ ಕಳಿಸಲು ಅತ್ತೆಯ ಕೈಲಿ ಆಗುವುದಿಲ್ಲ ಅಂದಳು. ಮಗು ಹೋದ ಮೇಲೆ ಅಡುಗೆ, ಬಟ್ಟೆ, ಬಂದವರು ಹೋದವರು. ಮಧ್ಯಾಹ್ನ ಮಲಗಿದರೆ ಸುಡುವ ಬೆಳಕಿನಲ್ಲಿ ನಿದ್ದೆ ಹತ್ತುವುದಿಲ್ಲ. ಹೊತ್ತು ಇಳಿಯುತ್ತಾ ಬಂದಾಗ ಕಣ್ಣು ಎಳೆಯುತ್ತದೆ, ಒಳ್ಳೆಯ ನಿದ್ದೆ ಹತ್ತುತ್ತದೆ.

"ಆಗ ಮಲಗು."

"ಆಗ್ಲೇ ಅಲ್ವಾ ಅಕ್ಕಾ ದೀಪ ಹಚ್ಚೋ ಹೊತ್ತು."

ಅಷ್ಟು ಹೇಳಿದರೆ ಸಾಕು, ನನಗೆ ಅರ್ಥವಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಲಗಿರಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ಮಾತು. ನಾನೂ ಅದನ್ನು ಕೇಳಿಕೊಂಡೇ ಬೆಳೆದವಳು. ಲೇಡಿ ಡಾಕ್ಟರು ಅವಳ ಮಾತು ಪೂರ್ತಿ ಕೇಳಿ, ಇದು ರೋಗವಲ್ಲ, ಪಾಳಿಯಿಂದ ದಿಕ್ಕೆಟ್ಟ ನಿದ್ದೆ, ಈ ದೇಹಕ್ಕೆ ಉಳಿದಿರುವುದು ಆ ಸಂಜೆಯ ನಿದ್ದೆ ಒಂದೇ, ಅದನ್ನು ಕಾಪಾಡಬೇಕು ಅಂದರು. ಸ್ವಲ್ಪ ಸ್ವಲ್ಪವಾಗಿ ಇಳಿಸಿ ಗುಳಿಗೆ ಬಿಡಿಸಿದರು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟು, ಪಾಳಿಯ ಅರ್ಧ ಕಳೆದ ಮೇಲೆ ಟೀ ಬೇಡ, ಕಣ್ಣು ಎಳೆದರೆ ಗಾಡಿ ನಿಲ್ಲಿಸಿ ಎಲ್ಲಾದರೂ ಕೂತುಬಿಡು ಎಂದು ಹೇಳಿದರು. ಸಂಜೆ ತೂಕಡಿಸಬಾರದು ಎಂದು ಎಲ್ಲರಿಗೂ ಹೇಳುವ ಡಾಕ್ಟರು, ಇವಳಿಗೆ ಮಾತ್ರ ಸಂಜೆ ಮಲಗಲೇಬೇಕು ಅಂದರು. ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿಯಲು ಆಗುವುದಿಲ್ಲ.

ಅತ್ತೆಯನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆ ಕೆಲಸ ಮುಗಿಸಿ ನೇರವಾಗಿ ಅವರ ಮನೆಗೆ ಹೋದೆ. ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯೇ ಇರಬೇಕು, ಎರಡು ಮಾತು ಬಿಗಿಯಾಗಿ ಹೇಳೋಣ ಎಂದುಕೊಂಡು ಹೋಗಿದ್ದೆ. ಗುರುಮಲ್ಲಮ್ಮ ಹಾಗಿರಲಿಲ್ಲ. ಹಣೆ ತುಂಬ ವಿಭೂತಿ, ಮೆತ್ತನೆಯ ದನಿ. "ಬನ್ನಿ ಸಿಸ್ಟ್ರಮ್ಮ, ಕೂತ್ಕಳಿ" ಎಂದು ಚಾಪೆ ಹಾಸಿದರು. ಒಳಗೆ ಹೋಗಿ ಸೊಸೆಯ ಕೂದಲು ಸವರಿ, "ಶೋಭಾ, ಏಳವ್ವ, ದೀಪ ಹಚ್ಚೋ ಹೊತ್ತು" ಅಂದರು. ಅವಳು ಏಳಲಿಲ್ಲ. ಭುಜ ಹಿಡಿದು ಎಬ್ಬಿಸಿ, ನಡುಮನೆಗೆ ಕರೆತಂದು ಗೋಡೆಗೆ ಒರಗಿಸಿ ಕೂರಿಸಿದರು. ದೀಪ ಹಚ್ಚಿ ಕೈಮುಗಿಯುವಷ್ಟು ಹೊತ್ತೂ ಅವಳು ಹಾಗೇ ಕೂತಿದ್ದಳು, ಕಣ್ಣು ಮುಚ್ಚಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. ಹೀಗೆ ಒಂದು ಸಲ ಎಚ್ಚರವಾದ ಮೇಲೆ ಮತ್ತೆ ಆ ನಿದ್ದೆ ಬರುವುದಿಲ್ಲ ಎಂದು ಅವಳೇ ಹೇಳಿದ್ದಳು.

ನಾನು ಬಂದ ವಿಷಯ ಹೇಳಿದೆ. ರಿಂಗ್ ರೋಡ್, ಡಿವೈಡರ್ ಎಲ್ಲವನ್ನೂ ಬಿಡಿಸಿ ಹೇಳಿದೆ. "ಜೀವದ ಪ್ರಶ್ನೆ ಗುರುಮಲ್ಲಮ್ಮ, ಆ ಹೊತ್ತು ಅವಳನ್ನ ಮಲಗೋಕೆ ಬಿಡಿ" ಅಂದೆ.

ಅವರು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಎದುರಿಗೆ ಕೂತರು. "ನಾನೂ ಒಂದ್ ಸಲ ಬುಟ್ಟಿದ್ದೆ ಕಣಮ್ಮ. ನಮ್ಮೆಜಮಾನ್ರು ಸುಸ್ತು ಅಂತ ಇದೇ ಹೊತ್ತಲ್ಲಿ ಮಲಗಿದ್ರು. ನಮ್ಮತ್ತೆ ಎಬ್ಬಿಸು ಅಂದ್ರು. ಮಲಗ್ಲಿ ಬುಡಿ ಪಾಪ ಅಂದೆ. ದೀಪ ಹಚ್ಚಿ, ಪೂಜೆ ಮಾಡ್ಕೊಂಡು, ಉಣ್ಣಕ್ಕೆ ಕರೆಯಾಕೋದ್ರೆ ಮೈ ತಣ್ಣಗಾಗಿತ್ತು. ಅವತ್ತಿಂದ ಈ ಮನೇಲಿ ಆ ಹೊತ್ತಲ್ಲಿ ಯಾರ್ನೂ ಮಲಗಕ್ಕೆ ಬುಟ್ಟಿಲ್ಲ. ಶಾಸ್ತ್ರ ಅಂತಾದ್ರೂ ಅನ್ಕಳಿ, ಭಯ ಅಂತಾದ್ರೂ ಅನ್ಕಳಿ."

ಹೃದಯದ ಕಾಯಿಲೆ ಇದ್ದಿರಬಹುದು, ಎಬ್ಬಿಸಿದ್ದರೂ ಉಳಿಯುತ್ತಿರಲಿಲ್ಲ ಎಂದು ನಾನು ಹೇಳಿದೆ. ಅದು ನಿಜವೂ ಹೌದು. ಆದರೆ ಅಂಥ ಭಯ ನಿಜಕ್ಕೆ ಜಗ್ಗುವುದಿಲ್ಲ.

ಕೊನೆಗೆ ನನಗೆ ಒಂದು ಉಪಾಯ ಹೊಳೆಯಿತು. "ನಿಮ್ಮ ಮನೇಲಿ ತಾನೇ ಮಲಗಬಾರದು? ನಮ್ಮನೇಲಿ ಮಲಗಲಿ" ಅಂದೆ. ಅವರು ನನ್ನ ಮುಖ ನೋಡಿ, "ಅದು ನಿಮ್ಮಿಷ್ಟ ಕಣಮ್ಮ" ಅಂದರು. ಅವಳ ಕೈಗೆ ಒಂದು ಬೀಗದ ಕೈ ಕೊಟ್ಟೆ, ಮರುದಿನದಿಂದ ಶೋಭಾ ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಮನೆಗೆ ಬರತೊಡಗಿದಳು. ನನ್ನ ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ರಾತ್ರಿ ಕೆಲಸಕ್ಕೆ ಹೊರಡುವ ತನಕ ಮಿಸುಕಾಡುತ್ತಿರಲಿಲ್ಲ. ನಾನು ಆಸ್ಪತ್ರೆಯಿಂದ ಬಂದು ಕಾಲು ತೊಳೆದು ಅವಳ ಪಕ್ಕದಲ್ಲೇ ದೀಪ ಹಚ್ಚುತ್ತಿದ್ದೆ. ನಮ್ಮ ಮನೆಯ ಲಕ್ಷ್ಮಿ ಮುನಿಸಿಕೊಂಡು ಹೋದದ್ದೇನೂ ಕಾಣಲಿಲ್ಲ. ಅವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. "ಅಕ್ಕಾ, ಇವತ್ತು ರಿಂಗ್ ರೋಡಲ್ಲಿ ಬೆಟ್ಟ ಕಾಣಿಸ್ತು. ಇಷ್ಟು ದಿನ ಅದೇ ದಾರೀಲಿ ಬರ್ತಿದ್ದೆ, ನೋಡೇ ಇರ್ಲಿಲ್ಲ" ಎಂದು ಒಂದು ದಿನ ಹೇಳಿದಳು. ನನ್ನ ಇಡೀ ಸರ್ವಿಸ್ಸಿನಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ಆದರೆ ಬೀದಿಯವರಿಗೆ ಬಾಯಿ ಇರುತ್ತದಲ್ಲ. ಮನೆ ಇದ್ದೂ ಸೊಸೆ ದಿನಾ ಬೇರೆಯವರ ಮನೆಯಲ್ಲಿ ಮಲಗಿ ಬರುತ್ತಾಳೆ, ಅತ್ತೆ ಏನು ಕಾಟ ಕೊಡುತ್ತಾಳೋ ಎಂದರು ಕೆಲವರು. ಇನ್ನು ಕೆಲವರು ಅಂದದ್ದನ್ನು ಬರೆಯಲು ನನಗೆ ಹೇಸಿಗೆ. ಅದು ಮಂಡಿಯಲ್ಲಿದ್ದ ಮಹೇಶನ ಕಿವಿಗೂ ಬಿತ್ತು. ಅವನು ನಮ್ಮ ಬಾಗಿಲಲ್ಲೇ ನಿಂತು, ಒಳಗೆ ಬಾರದೆ, ತಲೆ ತಗ್ಗಿಸಿ ಹೇಳಿದ: "ತಪ್ಪು ತಿಳ್ಕೋಬೇಡಿ ಅಕ್ಕಾ. ಅವ್ವಂಗೆ ಯಾರೂ ಒಂದು ಮಾತು ಅಂದಿರ್ಲಿಲ್ಲ ಇಷ್ಟು ವರ್ಷ. ನಾಳೆಯಿಂದ ಅವಳು ಬರಲ್ಲ."

"ಮಹೇಶ, ಅವಳು ಗಾಡೀಲಿ ನಿದ್ದೆ ಮಾಡ್ತಾಳಪ್ಪ."

"ನಿಧಾನಕ್ಕೆ ಓಡಿಸು ಅಂತ ಹೇಳಿದೀನಿ ಅಕ್ಕಾ."

ನಾನು ಬೈದೆ, ಬೇಡಿದೆ. ಲೇಡಿ ಡಾಕ್ಟರು ಅವನನ್ನು ಕರೆಸಿ ಬುದ್ಧಿ ಹೇಳಿದರು. ಹಗಲು ಪಾಳಿಗೆ ಬದಲಾಯಿಸಿ ಎಂದು ಫ್ಯಾಕ್ಟರಿಗೆ ಕಾಗದ ಬರೆದುಕೊಟ್ಟರು, ಜಾಗ ಖಾಲಿಯಾದಾಗ ನೋಡೋಣ ಎಂದು ಉತ್ತರ ಬಂತು. ಶೋಭಾ ನನ್ನನ್ನು ಬೀದಿಯಲ್ಲಿ ಕಂಡರೆ ನಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಮತ್ತೆ ಆ ಕಪ್ಪು ಬಂದಿತ್ತು.

ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ರಿಂಗ್ ರೋಡಿನಲ್ಲಿ ಶೋಭಾಳ ಗಾಡಿ ಡಿವೈಡರಿಗೆ ಬಡಿಯಿತು. ಬಿದ್ದವಳಿಗೆ ಹಿಂದಿನಿಂದ ಬರುತ್ತಿದ್ದ ಲಾರಿ ಬಡಿಯಿತು, ಲಾರಿಯವನದು ತಪ್ಪಿರಲಿಲ್ಲ. ಬ್ರೇಕ್ ಹಾಕಿದ ಗುರುತೂ ಗಾಡಿಯ ದಾರಿಯಲ್ಲಿ ಇರಲಿಲ್ಲವಂತೆ. ನನಗೆ ಸುದ್ದಿ ಬಂದದ್ದು ಕೆಲಸದ ಕುರ್ಚಿಯಲ್ಲಿ ಕೂತಿದ್ದಾಗ. ಎದುರಿಗಿದ್ದ ರೋಗಿ ಮಾತು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

ಪೋಸ್ಟ್‌ಮಾರ್ಟಂ ಮುಗಿಸಿ ಮನೆಗೆ ತರುವಷ್ಟರಲ್ಲಿ ಸಂಜೆಯಾಗಿತ್ತು. ತವರಿನವರು ದೂರದಿಂದ ಬರಬೇಕಾದ್ದರಿಂದ ಮಣ್ಣು ಮರುದಿನ ಎಂದರು. ನಾನು ಹೋದಾಗ ನಡುಮನೆ ತುಂಬ ಜನ. ಲಿಂಗ ಧರಿಸುವ ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಶೋಭಾಳನ್ನೂ ಹಾಗೇ ಕೂರಿಸಿದ್ದರು. ಅದೇ ಗೋಡೆ. ಕಣ್ಣು ಮುಚ್ಚಿತ್ತು. ಕತ್ತು ವಾಲದಂತೆ ಬಟ್ಟೆ ಕಟ್ಟಿದ್ದರು. ಯಾರೋ ಪಕ್ಕದಲ್ಲಿ ದೀಪ ಹಚ್ಚಿದರು.

ದೀಪ ಹಚ್ಚಿದ್ದೇ ತಡ, ಮೂಲೆಯಲ್ಲಿದ್ದ ಗುರುಮಲ್ಲಮ್ಮ ಎದ್ದು ಬಂದರು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲವಂತೆ. ಸೊಸೆಯ ಭುಜ ಹಿಡಿದುಕೊಂಡು, ಕೂತಿದ್ದ ಹಿರಿಯರ ಕಡೆ ತಿರುಗಿ, "ಇವತ್ತೊಂದಿನ ಮಲಗಿಸ್ರಪ್ಪಾ ನನ್ನ ಸೊಸೇನ. ನಿದ್ದೆಗೆಟ್ಟಿದಾಳೆ. ನಾನು ಏನೂ ಅನ್ನಕಿಲ್ಲ, ಮಲಗಿಸ್ರಪ್ಪಾ" ಅಂದರು.

ಹಿರಿಯರೊಬ್ಬರು, "ಸಮಾಧಾನ ಮಾಡ್ಕಳಿ ತಾಯಿ. ನಮ್ಮಲ್ಲಿ ಹಂಗಿಲ್ವಲ್ಲ, ನಿಮಗೆ ಗೊತ್ತಿಲ್ದೇ ಇರೋದಾ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಶಿವನ ಬಳಿಗೆ ಹೋಗುವವರನ್ನು ಕೂರಿಸಿ ಕಳಿಸುವುದು ಅವರ ಪಾಲಿಗೆ ದೊಡ್ಡ ಗೌರವ. ಹೆಂಗಸರು ಗುರುಮಲ್ಲಮ್ಮನನ್ನು ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಬಂದುಬಿಟ್ಟೆ. ನಮ್ಮ ಮನೆಯ ಒಳಕೋಣೆಯಲ್ಲಿ ಅವಳು ಸುತ್ತಿಟ್ಟಿದ್ದ ಚಾಪೆ ಇನ್ನೂ ಹಾಗೇ ಇತ್ತು.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ರೋಗಿ ಸಿಕ್ಕಾಗ ಮನೆಯಲ್ಲಿ ಯಾರಿದ್ದಾರೆ, ಯಾವಾಗ ಎಬ್ಬಿಸುತ್ತಾರೆ, ಯಾಕೆ ಎಬ್ಬಿಸುತ್ತಾರೆ ಎಂದು ಕೇಳಿ. ಎಬ್ಬಿಸುವವರನ್ನೂ ಕರೆಸಿ ಮಾತಾಡಿಸಿ. ಅವರಿಗೂ ಒಂದು ಚಿಕಿತ್ಸೆ ಬೇಕಾಗಿರುತ್ತದೆ. ಗುರುಮಲ್ಲಮ್ಮನ ಆ ಹಳೆಯ ಭಯಕ್ಕೆ ಯಾರಾದರೂ ಮೊದಲೇ ಔಷಧ ಹುಡುಕಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ ಗುರುಮಲ್ಲಮ್ಮ ನಮ್ಮ ವಿಭಾಗಕ್ಕೆ ಬಂದರು, ಮೊಮ್ಮಗಳ ಕೈ ಹಿಡಿದುಕೊಂಡು. ಈ ಸಲ ರೋಗಿ ಅವರೇ. ತುಂಬಾ ಇಳಿದುಹೋಗಿದ್ದರು. ನಾನು ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದೆ.

"ರಾತ್ರಿ ಪೂರ್ತಿ ಕಣ್ಣು ಮುಚ್ಚಕಿಲ್ಲ ಸಿಸ್ಟ್ರಮ್ಮ. ಗಾಡಿ ಸದ್ದು ಕೇಳ್ದಂಗಾಯ್ತದೆ, ಬಾಗ್ಲು ತೆಗೆಯಾಕೆ ಎದ್ದೋಗ್ತೀನಿ. ಸಂಜೆ ಒಂದೊತ್ತು ಮಾತ್ರ ನಿದ್ದೆ ಬತ್ತದೆ. ದೀಪ ಹಚ್ಚಿ ಆ ಗೋಡೆಗೆ ಒರಗಿದ್ರೆ ಸಾಕು, ಕಣ್ಣು ಎಳೀತದೆ. ಈ ಕೂಸು ಬುಡ್ಬೇಕಲ್ಲ, ಬಂದು ಎಬ್ಬಿಸ್ತಳೆ."

ಪೂರ್ವಿ ತಲೆಯೆತ್ತಿ ನನ್ನನ್ನು ನೋಡಿದಳು. "ಎಬ್ಬಿಸ್ಬೇಕು ಆಂಟಿ. ಅಜ್ಜಿ ಅಮ್ಮನ್ನ ದಿನಾ ಹಂಗೇ ಎಬ್ಬಿಸ್ತಿದ್ರು" ಅಂದಳು.

ಗುರುಮಲ್ಲಮ್ಮ ಆ ಮಗುವಿನ ತಲೆ ಸವರಿದರು. ರಾತ್ರಿ ನಿದ್ದೆ ಬಾರದೆ ಸಂಜೆ ತೂಕಡಿಸುವ ಮುದುಕರಿಗೆ ನಮ್ಮ ಪದ್ಧತಿಯಲ್ಲಿ ಹೇಳುವ ಮೊದಲ ಮಾತು ಒಂದೇ. ಅದನ್ನು ಸಾವಿರಾರು ಜನಕ್ಕೆ ಹೇಳಿದವಳು ನಾನು. ಅವತ್ತು ಮೇಜಿನ ಮೇಲಿದ್ದ ಪೆನ್ನನ್ನು ಅತ್ತ ಇತ್ತ ಸರಿಸುತ್ತಾ ಕೂತೆ.

ಅವರೇ ಹೇಳಿದರು. "ಸಂಜೆ ಹೊತ್ತು ಮಲಗಬ್ಯಾಡಿ ಅಂತೀರ, ಅಲ್ವಾ? ಗೊತ್ತು ಬುಡಿ ಸಿಸ್ಟ್ರಮ್ಮ. ಆ ಮಾತ ಜನ್ಮ ಪೂರ್ತಿ ನಾನೇ ಹೇಳ್ಕಂಡು ಬಂದಿವ್ನಿ."